ಕುಣಿಗಿಳಿದ ಗಿಟಾರು

ಕುಣಿಯಲಾರದವನು ಗಿಟಾರು ಡೊಂಕು ಅಂದನಂತೆ. ಗಾದೆ ಹೀಗಿಲ್ಲ ಎಂದು ಯಾರಾದರೂ ಬೆರಳೆತ್ತುವ ಮೊದಲೇ ಹೇಳಿಬಿಡುವುದು ಒಳ್ಳೆಯದು: ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಕುಣಿ ಎಂದರೆ ಹೆಜ್ಜೆ ಹಾಕಿ ಕುಣಿಯುವ ಕುಣಿಯಲ್ಲ, ಮಗ್ಗದ ಕೆಳಗಿನ ಗುಂಡಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ; ಕೆಳಗೆ ಕಾಲು ತುಳಿಯುತ್ತದೆ, ಮೇಲೆ ಕೈ ಲಾಳಿ ಎಸೆಯುತ್ತದೆ. ಹಾಗೆ ಕೂತವನ ಮಡಿಲಿಗೆ ಗಿಟಾರು ಕೊಟ್ಟರೆ ಅದು ಡೊಂಕೋ ನೆಟ್ಟಗೋ ಆಮೇಲಿನ ಮಾತು, ಮೊದಲು ದಪ್ಪ. ಇದು ನಿಜವಾಗಿ ನಡೆದ ಕಥೆ. ಒಂದೆಳೆಯನ್ನೂ ಸೇರಿಸಿಲ್ಲ, ಅಲ್ಲಲ್ಲಿ ಹೊಳೆದರೆ ಅದು ಜರಿ.

ಶನಿವಾರ ಬೆಳಿಗ್ಗೆ ಚಳ್ಳಕೆರೆಯ ವಾದ್ಯದಂಗಡಿಯೊಂದರಲ್ಲಿ ನಾಗಾರ್ಜುನ ಚಾಪೆಯ ಮೇಲೆ ಕೂತು ಗಿಟಾರಿನ ಹೊಟ್ಟೆಗೆ ದಾರ ಹಿಡಿದು ಅಳೆಯುತ್ತಿದ್ದ. ದಾರಕ್ಕೆ ಎರಡು ಗಂಟು. ಮೊದಲನೆಯ ಗಂಟು, ಮಗ್ಗದಲ್ಲಿ ಕೂತವನ ಎದೆಗೂ ಮುಂದೆ ಸೀರೆ ಸುತ್ತಿಕೊಳ್ಳುವ ಮರಕ್ಕೂ ನಡುವಿನ ಜಾಗ. ಎರಡನೆಯದು, ಪಕ್ಕದಲ್ಲಿ ಕೂತು ನೇಯುವ ಯರ್ರಮ್ಮತ್ತೆಯ ಎಡ ಮೊಣಕೈಗೂ ಗೋಡೆಗೂ ನಡುವಿನ ಜಾಗ. ಗಿಟಾರಿನ ಮೈ ಈ ಎರಡು ಗಂಟುಗಳ ಲೆಕ್ಕಕ್ಕೆ ಒಗ್ಗಬೇಕು.

ಅಂಗಡಿಯ ಶಾಂತವೀರಪ್ಪನವರು ಭಜನೆ ತಂಡಗಳಿಗೆ ಹಾರ್ಮೋನಿಯಂ, ತಬಲಾ ಮಾರಿಕೊಂಡೇ ತಲೆ ನರೆಸಿಕೊಂಡವರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

“ತಮ್ಮಾ, ಗಿಟಾರ್ ತಗಳ್ಳಾಕೆ ಬಂದೀಯೋ, ಅದಕ್ಕೆ ಅಂಗಿ ಹೊಲಿಯಾಕೆ ಬಂದೀಯೋ?”

“ಸಣ್ಣ ಮೈದು ಬೇಕು ಸಾವ್ಕಾರ್ರೇ. ಕುಣ್ಯಾಗೆ ಕೂತು ನುಡಿಸ್ಬೇಕು.”

“ಕುಣ್ಕಂತ ನುಡ್ಸೋರ್ನ ಟಿವಿಯಾಗೆ ನೋಡೀನಿ. ಕೂತ್ಕಂಡು ಕುಣಿಯೋನ್ನ ನಿನ್ನೇ ನೋಡಿದ್ದು.”

ನಾಗಾರ್ಜುನನಿಗೆ ನಗು ಬರಲಿಲ್ಲ. ಎರಡು ತಿಂಗಳಿಂದ ಬಂದಿರಲಿಲ್ಲ.

ಯರ್ರಮ್ಮ ಅವನ ತಂದೆಯ ಅಕ್ಕ. ಒಂದೇ ಮಗ್ಗದಲ್ಲಿ ಇಬ್ಬರೂ ಕೂರುವುದು: ಆಕೆ ಸೀರೆಯ ಒಡಲು ನೇಯುತ್ತಾಳೆ, ಎಡಕ್ಕೆ ಗೋಡೆಗೊತ್ತಿ ಕೂತ ಅವನು ಅಂಚಿನ ಲಾಳಿ ಎಸೆಯುತ್ತಾನೆ. ನೇಯುತ್ತ ಆಕೆ ಹಾಡುತ್ತಾಳೆ. ಅದರಲ್ಲಿ ಒಂದು ಹಾಡು ಆಕೆಯ ತಾಯಿಯಿಂದ ಬಂದದ್ದು, ಅರ್ಧ ತೆಲುಗು ಅರ್ಧ ಕನ್ನಡ, ಈಗ ಆಕೆಯೊಬ್ಬಳಿಗೇ ಬರುವುದು. ಬರೆದುಕೊಡು ಎಂದರೆ ಬರುವುದಿಲ್ಲ, ಅಡುಗೆಮನೆಯಲ್ಲಿ ಹಾಡು ಎಂದರೂ ಬರುವುದಿಲ್ಲ. “ಕಾಲು ಆಡ್ದಿದ್ರೆ ನಂಗೆ ಬಾಯಿ ಆಡಲ್ಲ ನಾಗಾ,” ಎನ್ನುತ್ತಾಳೆ. ಆ ಗಂಟಲಲ್ಲಿ ಈಗ ಗಂಟು ಕಟ್ಟಿತ್ತು. ಸೋಮವಾರ ದಾವಣಗೆರೆಯಲ್ಲಿ ಆಪರೇಷನ್ನು. ಭಯಪಡುವಂಥದ್ದೇನಿಲ್ಲ, ಆದರೆ ಸ್ವರ ಮೊದಲಿನಂತಾಗುತ್ತದೆ ಎಂದು ಮಾತು ಕೊಡಲಾರೆ, ಇನ್ನೂ ಕೆಳಗಿಳಿದರೂ ಇಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಮಾತಾಡದೆ ಗಂಟಲಿಗೆ ಬಿಡುವು ಕೊಡಬೇಕು. ನಾಗಾರ್ಜುನ ಕಾಡಿ ಬೇಡಿ ಒಂದು ಅಪ್ಪಣೆ ತಂದಿದ್ದ: ಶನಿವಾರ ಸಾಯಂಕಾಲ, ರೆಕಾರ್ಡ್ ಮಾಡಿಟ್ಟುಕೊಳ್ಳಲು, ಒಂದು ಹಾಡು. ಒಂದೇ ಒಂದು.

ಗಂಟು ಬಂದ ಮೇಲೆ ಆಕೆಯ ಸ್ವರ ನಡುದಾರಿಯಲ್ಲಿ ಜಾರುತ್ತಿತ್ತು. ಪಕ್ಕದಲ್ಲಿ ಶ್ರುತಿಯೊಂದು ಆಸರೆಗಿದ್ದರೆ ಜಾರುತ್ತಿರಲಿಲ್ಲ. ಮೊಬೈಲಿನ ತಂಬೂರಿಯನ್ನು ಹಾಕಿ ತೋರಿಸಿದ್ದಕ್ಕೆ, “ಇದು ಉಸ್ರೇ ತಗಳಲ್ಲ. ಇದ್ರ ಜೊತೆ ಓಡಿ ನಾನ್ ಸಾಯ್ಲಾ?” ಎಂದು ಆರಿಸಿಬಿಟ್ಟಳು. ಕಾಲೇಜಿನ ದಿನಗಳ ದೊಡ್ಡ ಗಿಟಾರೊಂದು ನಾಗಾರ್ಜುನನ ಬಳಿ ಇತ್ತು. ಅದರ ಹುಟ್ಟುಶ್ರುತಿಯನ್ನು ಬಿಡಿಸಿ, ಆರೂ ತಂತಿಗಳನ್ನು ಅತ್ತೆಯ ಸಾ, ಪಾಗಳಿಗೆ ಇಳಿಸಿ, ಬೆರಳೊತ್ತದೆ ಬರಿದೇ ಮೀಟಿದರೆ ಆಕೆಗೆ ಹಿಡಿಸುತ್ತಿತ್ತು. ಆದರೆ ಅದು ಕುಣಿಯ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಹೊರಗೆ ಕೂತು ಮೀಟಿದರೆ ಅದರ ಗುಡುಗಿನಲ್ಲಿ ಆಕೆಯ ಸ್ವರ ಮುಳುಗುತ್ತಿತ್ತು.

ಹೀಗಾಗಿ ಈ ಅಂಗಡಿ, ಈ ದಾರ, ಈ ಬೆವರು.

ಅಂಗಡಿಯಲ್ಲಿದ್ದದ್ದು ಮೂರು. ಮೊದಲನೆಯದನ್ನು ಅಳೆಯುವ ಅಗತ್ಯವೇ ಇರಲಿಲ್ಲ, ಶೇಂಗಾ ಮೂಟೆಗೆ ಕೈ ಮೂಡಿದಂತಿತ್ತು. ಎರಡನೆಯದು ಪುಟ್ಟದು, ಮೈಯೂ ಸಣ್ಣದು, ಕುತ್ತಿಗೆಯೂ ಗಿಡ್ಡ. ಎರಡು ಗಂಟುಗಳೊಳಗೆ ಬೆಣ್ಣೆಯಂತೆ ಕೂತಿತು. ಮೂರನೆಯದು ಯಾರೋ ಬಳಸಿ ಕೊಟ್ಟ ಹಳೆಯದು. ಮೈ ಸಣ್ಣದು, ಸೊಂಟ ಕಿರಿದು, ಆದರೆ ಕುತ್ತಿಗೆ ಮಾತ್ರ ದೊಡ್ಡದರಷ್ಟೇ ಉದ್ದ. ಕುಣಿಯಲ್ಲಿ ಅದನ್ನು ಓರೆಯಾಗಿ ಮೇಲೆತ್ತಿ ಹಿಡಿಯಬೇಕು, ಇಲ್ಲವಾದರೆ ತಲೆ ಗೋಡೆಗೆ.

ನಾಗಾರ್ಜುನ ಎರಡನೆಯದರ ತಂತಿಗಳನ್ನು ಸಡಿಲಿಸತೊಡಗಿದ. ಮೀಟುತ್ತಾನೆ, ಕಿವಿಯಿಡುತ್ತಾನೆ, ಮಗ್ಗದ ಹಾಸುನೂಲಿನ ಬಿಗಿ ನೋಡುವ ಹಾಗೆ ತಂತಿಗಳ ಮೇಲೆ ಅಂಗೈ ಆಡಿಸುತ್ತಾನೆ, ಮತ್ತೆ ಸಡಿಲಿಸುತ್ತಾನೆ.

“ಬಂದೋರೆಲ್ಲ ಬಿಗಿ ಮಾಡ್ಕೊಡ್ರಿ ಅಂತಾರೆ,” ಎಂದರು ಶಾಂತವೀರಪ್ಪ. “ನೀನೊಬ್ಬ ಸಡ್ಲ ಮಾಡಾಕೆ ಬಸ್ ಹತ್ಕಂಡ್ ಬಂದೀಯ. ಯಾವ ಶ್ರುತಿ ಬೇಕಪ್ಪಾ ನಿಂಗೆ?”

“ನಮ್ಮತ್ತೆ ಶ್ರುತಿ.”

“ಅತ್ತೆ ಮಗಳ ಹೆಸ್ರು ಶ್ರುತಿನಾ? ಹಂಗಾರೆ ಗಿಟಾರ್ ಯಾಕೆ, ಬಾಸಿಂಗ ಕಟ್ಟಿಸ್ಕ!”

ಇಂಥ ಮಾತಿಗೆ ನಗದವನನ್ನು ಶಾಂತವೀರಪ್ಪನವರು ಚಳ್ಳಕೆರೆ ಪೇಟೆಯಲ್ಲಿ ಕಂಡಿರಲಿಲ್ಲ. ಹುಡುಗನ ಮುಖ ನೋಡಿ ಅವರು ನೀರಿನ ಬಾಟಲಿ ಮುಂದಿಟ್ಟರು.

ನಾಗಾರ್ಜುನನ ತೊಡಕು ಇದು: ಅತ್ತೆ ಬಾಯಿ ತೆರೆದು ಎಂಟು ದಿನ. ಇವತ್ತು ಆಕೆಯ ಸಾ ಎಲ್ಲಿದೆ? ಮೊದಲೆಲ್ಲ ಗಿಟಾರಿನ ಲೆಕ್ಕದಲ್ಲಿ ಡಿ ಎನ್ನುವ ಮನೆಯಲ್ಲಿ ಇರುತ್ತಿತ್ತು. ಈಗ ಎಷ್ಟು ಇಳಿದಿದೆಯೋ. ಅದು ಗೊತ್ತಾಗದೆ ಗಿಟಾರು ಆರಿಸುವುದೆಂದರೆ ಕಾಲು ನೋಡದೆ ಚಪ್ಪಲಿ ಕೊಂಡಂತೆ. ಫೋನು ಮಾಡಿ ಒಂದು ಸಾ ಕೇಳಬಹುದು. ಆ ಒಂದು ಸ್ವರಕ್ಕೇ ಗಂಟಲು ದಣಿದು ಸಾಯಂಕಾಲದ ಹಾಡು ಕೆಟ್ಟರೆ? ಫೋನು ಕೈಗೆತ್ತಿಕೊಂಡ, ಇಟ್ಟ, ಎತ್ತಿಕೊಂಡ.

ಮನೆಯಲ್ಲಿ ಮಾರುತೇಶ ಇರುತ್ತಾನೆ ಎಂಬುದೊಂದು ಧೈರ್ಯ. ಸಿದ್ದಾಪುರದ ಮಾರುತೇಶ ನಾಗಾರ್ಜುನನ ಕಾಲೇಜು ಗೆಳೆಯ, ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಾನೆ, ಮೈಕಿನಲ್ಲಿ ಊರಿನವರ ಧ್ವನಿಗಳನ್ನೆಲ್ಲ ಬಾಡಿಗೆಯಿಲ್ಲದೆ ಆಡುತ್ತಾನೆ. ಕಂಡಕ್ಟರು, ತಹಸೀಲ್ದಾರರು, ಕಾಲೇಜಿನ ಪ್ರಿನ್ಸಿಪಾಲರು, ಯಾರನ್ನೂ ಬಿಟ್ಟವನಲ್ಲ. ಬೆಳಿಗ್ಗೆ ನಾಗಾರ್ಜುನ ಹೊರಡುವಾಗ ಮಗ್ಗದ ಮುಂದೆ ವೈರು ಎಳೆಯುತ್ತ, “ಏನ್ ಗುರುವೇ, ಗಿಟಾರು ಗಿಟ್ಟಿದ್ರೆ ಗಿಟ್ತು, ಗಿಟ್ಟದಿದ್ರೆ ಮಗ್ಗದ ಹಗ್ಗನೇ ಮೀಟು,” ಎಂದಿದ್ದ.

ಕೊನೆಗೆ ಅತ್ತೆಯ ಫೋನಿಗೆ ಕರೆ ಮಾಡಿದ. ನಾಲ್ಕು ಸಲ ರಿಂಗಾಗಿ ಫೋನು ಎತ್ತಿದ ಸದ್ದು.

“ಹಲೋ... ನಾಗಾ?”

ಒಡಕಿಲ್ಲ, ಜಾರಿಕೆಯಿಲ್ಲ. ಎರಡು ವರ್ಷದ ಹಿಂದಿನ ಯರ್ರಮ್ಮ.

“ಅತ್ತಾ! ನೀನು ಮಾತಾಡ್ಬ್ಯಾಡ, ಮಾತಾಡ್ಬ್ಯಾಡ. ಗಂಟ್ಲು ಹೆಂಗೈತೆ?”

“ನೇನು ಬಾಗುನ್ನಾಡು. ನೀನ್ ಚಿಂತೆ ಮಾಡ್ಬ್ಯಾಡ ಕಣಪ್ಪಾ.”

“ಒಂದೇ ಒಂದು ಸಾ ಕೊಡು ಅತ್ತಾ. ಮೆಲ್ಲಗೆ.”

“ಸಾ...”

ತೊಳೆದಿಟ್ಟ ಕಂಚಿನ ತಟ್ಟೆಯಂಥ ಸಾ. ಅಳೆದರೆ ಡಿ. ಮೊದಲಿದ್ದಲ್ಲೇ! ಫೋನು ಕಟ್ಟಾದ ಮೇಲೂ ನಾಗಾರ್ಜುನ ಅದನ್ನು ಕಿವಿಗೆ ಹಿಡಿದೇ ಕೂತಿದ್ದ. ಬಿಡುವು ಸಿಕ್ಕಿದ್ದಕ್ಕೆ ಸ್ವರ ಮರಳಿರಬಹುದು. ಹಾಗಾದರೆ ಆಪರೇಷನ್ನೇ ಬೇಕಾಗಲಿಕ್ಕಿಲ್ಲವೇನೋ. ಆಸೆ ಎಂಬುದು ಲಾಳಿಯ ಹಾಗೆ, ಒಮ್ಮೆ ಎಸೆದರೆ ಆ ಕಡೆಯ ಅಂಚು ಮುಟ್ಟಿಯೇ ನಿಲ್ಲುವುದು.

ಪುಟ್ಟ ಗಿಟಾರನ್ನು ಡಿಗೆ ಇಳಿಸಿದ. ಸ್ವಲ್ಪ ಜೋಲು ಬಿದ್ದಂತಾದರೂ ನಡೆಯುತ್ತದೆ.

“ಇದನ್ನೇ ಕಟ್ಲಾ?” ಎಂದರು ಶಾಂತವೀರಪ್ಪ.

“ಕಟ್ರಿ... ತಡೀರಿ.”

ಇವತ್ತು ಡಿ. ಸೋಮವಾರ ಕಳೆದು ಮಂಗಳವಾರ? ಇಳಿದರೂ ಇಳಿಯಬಹುದು ಎಂದಿದ್ದರಲ್ಲ. ಪುಟ್ಟದರ ತಂತಿಗಳನ್ನು ಇನ್ನೂ ಎರಡು ಮೆಟ್ಟಿಲು ಇಳಿಸಿ ಸಿ ಎನ್ನುವ ಮನೆಗೆ ತಂದ. ಗರ್ರ್ ಎಂದಿತು, ಡಬ್ಬಿಯೊಳಗೆ ಸಿಕ್ಕಿದ ಜೀರುಂಡೆಯ ಹಾಗೆ. ಗಿಡ್ಡ ಕುತ್ತಿಗೆಯಲ್ಲಿ ತಂತಿಗೆ ಮೊದಲೇ ಬಿಗಿ ಕಡಿಮೆ, ಸಡಿಲಿಸಿದರೆ ಹಸಿದ ಹಸುವಿನ ಕೊರಳಿನಂತೆ ಜೋತುಬಿತ್ತು. ಉದ್ದ ಕುತ್ತಿಗೆಯದನ್ನು ಅದೇ ಸಿಗೆ ಇಳಿಸಿ ಮೀಟಿದ. ತಂತಿ ನಿಂತಿತು. ಸಣ್ಣ ಮೈಯಿಂದ ಹೊರಟ ಸದ್ದು ಎದುರಿಗಿದ್ದವರನ್ನು ಗದರಿಸಲಿಲ್ಲ, ಪಕ್ಕದಲ್ಲಿ ಬಂದು ಕೂತಿತು.

ಅತ್ತೆಯ ಸ್ವರ ಎಷ್ಟು ಮೆಟ್ಟಿಲು ಇಳಿದರೂ ಹಿಂದೆಯೇ ಇಳಿದು ಹೋಗುವಂಥದ್ದು ಬೇಕು. ಗೋಡೆಗೆ ತಲೆ ಬಡಿದರೆ ಬಡಿಯಲಿ.

“ಇದನ್ನ ಕಟ್ರಿ,” ಎಂದ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಗಿಟಾರನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದ. ಕಂಡಕ್ಟರು ಬಂದು ಅದನ್ನು ಮೇಲಿಂದ ಕೆಳಕ್ಕೆ ನೋಡಿ, “ಹೆಣ್ಣಾದ್ರೆ ಆಧಾರ್ ತೋರ್ಸು, ಫ್ರೀ. ಗಂಡಾದ್ರೆ ಲಗೇಜು,” ಎಂದ. ಹಿಂದಿನ ಸೀಟಿನವರು ನಕ್ಕರು. ನಾಗಾರ್ಜುನನೂ ಇನ್ನೇನು ನಗಬೇಕು, ಎರಡು ತಿಂಗಳ ಮೇಲೆ ತುಟಿ ಸಡಿಲವಾಗುತ್ತಿತ್ತು.

ದಾರಿಯಲ್ಲಿ ತಳಕು ಎಂಬ ಊರು ಬಂತು. ಮುದುಕಿಯೊಬ್ಬಳು ಹತ್ತಿ ಅವನ ಪಕ್ಕ ಕೂತು ಫೋನಿನಲ್ಲಿ ತೆಲುಗಿನಲ್ಲಿ ಕೂಗತೊಡಗಿದಳು: “ಆಂ, ಬಸ್ ಎಕ್ಕೇಸಿನಾನು... ನೇನು ಬಾಗುನ್ನಾನು, ನುವ್ವು ಬಾಗುನ್ನಾವಾ?”

ನೇನು ಬಾಗುನ್ನಾನು. ನಾನು ಚೆನ್ನಾಗಿದ್ದೇನೆ.

ಅತ್ತೆ ಬೆಳಿಗ್ಗೆ ಅಂದದ್ದು ಬಾಗುನ್ನಾಡು. ಬಾಗುನ್ನಾಡು! ತೆಲುಗಿನಲ್ಲೇ ಹುಟ್ಟಿ ತೆಲುಗಿನಲ್ಲೇ ಬೈದು ಬೆಳೆದ ಹೆಂಗಸು, ‘ನಾನು ಚೆನ್ನಾಗಿದ್ದಾನೆ’ ಎನ್ನುತ್ತಾಳೆಯೇ? ಅಷ್ಟೇ ಅಲ್ಲ, ಅತ್ತೆ ಯಾವತ್ತು ಹಲೋ ಎಂದಿದ್ದಾಳೆ? ಫೋನು ಎತ್ತಿದರೆ ‘ಎವರ್ರಾ?’, ಯಾರೋ ಅದು, ಎಂದು ಕಳ್ಳನನ್ನು ಹಿಡಿದವಳಂತೆ ಕೂಗುವುದು ಆಕೆಯ ರೂಢಿ. ಮತ್ತೆ ಆ ಸಾ? ಅದರ ಹಿಂದೆ ಮಗ್ಗದ ಸದ್ದೇ ಇರಲಿಲ್ಲ. ಕಾಲಾಡದೆ ಬಾಯಾಡದವಳ ಬಾಯಿಂದ ಸಾ ಬಂದದ್ದು ಹೇಗೆ?

ಮಾರುತೇಶ.

ಅವನಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಸ್ವಿಚ್ ಆಫ್. ಬಸ್ಸು ಬಂಡೆಗುಡ್ಡಗಳ ನಡುವೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹಾಗಾದರೆ ಸ್ವರ ಮರಳಿಲ್ಲ. ಎಲ್ಲಿದೆಯೋ ಅದು ಯಾರಿಗೂ ಗೊತ್ತಿಲ್ಲ. ಸಿವರೆಗೆ ಇಳಿಸಿ ನೋಡಿದ್ದೇನೆ, ಅದಕ್ಕೂ ಕೆಳಗಿದ್ದರೆ? ಹಿಂದಿರುಗಿ ಬೇರೆ ತರಲು ಹೊತ್ತಿಲ್ಲ. ಇವತ್ತು ಸಂಜೆಯೇ ಹಾಡು, ನಾಳೆ ದಾವಣಗೆರೆಗೆ ಹೊರಡಬೇಕು. ತಳಕಿನಿಂದ ಮೊಳಕಾಲ್ಮೂರು ತಲುಪುವವರೆಗೆ ನಾಗಾರ್ಜುನ ಗಿಟಾರಿನ ಕುತ್ತಿಗೆಯನ್ನು ಹಿಡಿದಿದ್ದ ರೀತಿ ನೋಡಿದವರಿಗೆ, ಅದು ಮಾರುತೇಶನ ಕುತ್ತಿಗೆ ಎಂದು ಗೊತ್ತಾಗುವಂತಿತ್ತು.

ಮಾರುತೇಶ ಬಾಗಿಲಲ್ಲೇ ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದ. ನಾಗಾರ್ಜುನ ಚಪ್ಪಲಿ ಬಿಡುವುದಕ್ಕೂ ನಿಲ್ಲಲಿಲ್ಲ.

“ಬಾಗುನ್ನಾಡಾ? ಯಾವನ್ಲೇ ಬಾಗುನ್ನಾಡು?”

“ಅಯ್ಯೋ, ತೆಲುಗು ತಪ್ಪಾತಾ?” ಮಾರುತೇಶ ನಾಲಗೆ ಕಚ್ಚಿಕೊಂಡ. “ನಂಗೇನ್ ಗೊತ್ತು ಗುರುವೇ, ನಮ್ಮನೇಲಿ ಕುರಿ ಕೂಡ ಕನ್ನಡದಾಗೆ ಒದರ್ತಾವೆ. ನೀನ್ ಫೋನ್ ಮಾಡಿದಾಗ ಅತ್ತೆ ಕೈಸನ್ನೆ ಮಾಡಿದ್ಲು, ನಾನ್ ಮಾತಾಡಂಗಿಲ್ಲ, ನೀನೇ ಎತ್ತು ಅಂತ. ಎತ್ತಿದ್ದು ನಾನೇ, ಬಾಯಿ ಬಿಟ್ಟಾಗ ಅತ್ತೆ ಆಗೋತು.”

“ಫೋನ್ ಯಾಕ್ಲೇ ಆಫ್ ಮಾಡ್ದೆ?”

“ಚಾರ್ಜು...”

“ಸ್ವರ ವಾಪಸ್ ಬಂತು ಅನ್ಕಂಡ್ನಲ್ಲೋ,” ಎಂದ ನಾಗಾರ್ಜುನ. ಗಿಟಾರನ್ನು ಗೋಡೆಗೆ ಒರಗಿಸಿದ. “ಆಪರೇಷನ್ನೇ ಬ್ಯಾಡ್ವೇನೋ ಅನ್ಕಂಡೆ.”

ಮಾರುತೇಶನ ಮುಖದಿಂದ ಎಲ್ಲ ಮುಖಗಳೂ ಜಾರಿಹೋದವು. “ತಪ್ಪಾತು ಕಣೋ,” ಎಂದ. ಅದು ಅವನ ಸ್ವಂತ ಧ್ವನಿ. ಸ್ವಲ್ಪ ಒರಟು, ಸ್ವಲ್ಪ ಕೀರಲು, ಅಪರೂಪಕ್ಕೆ ಹೊರಗೆ ಬರುವಂಥದ್ದು.

ಒಳಗಿನಿಂದ ದಡ್ ಎಂದು ಸದ್ದು ಬಂತು. ಯರ್ರಮ್ಮ ಮಗ್ಗಕ್ಕೆ ಇಳಿದಿದ್ದಳು. ಜಗಳ ಸಾಕು, ಬಾ ಎಂಬಂತೆ ಮಗ್ಗದ ಹಲಗೆಯನ್ನು ಇನ್ನೊಮ್ಮೆ ಬಡಿದಳು.

ನಾಗಾರ್ಜುನ ಗಿಟಾರು ತೆಗೆದುಕೊಂಡು ಎಡಗಡೆಯ ಜಾಗಕ್ಕೆ ಕಾಲು ಇಳಿಬಿಟ್ಟ. ಮೈ ಒಳಗೆ ಬಂತು. ಕುತ್ತಿಗೆಯನ್ನು ಓರೆಯಾಗಿ ಮೇಲೆತ್ತಿದ. ಗೋಡೆಗೂ ಅದರ ತಲೆಗೂ ನಡುವೆ ಒಂದು ಬೆರಳು ಉಳಿಯಿತು. ಯರ್ರಮ್ಮ ಗಿಟಾರನ್ನು ನೋಡಿದಳು, ತಂತಿಗಳ ಮೇಲೆ ಅಂಗೈ ಆಡಿಸಿದಳು, ತಲೆಯಾಡಿಸಿದಳು. ಆಮೇಲೆ ಕಾಲು ಆಡತೊಡಗಿತು. ಲಾಳಿ ಹೋಯಿತು, ಬಂತು. ಹಲಗೆ ಬಿತ್ತು. ನಾಲ್ಕು ಎಳೆ ನೇಯ್ದ ಮೇಲೆ ಆಕೆ ಬಾಯಿ ತೆರೆದಳು.

“ಸಾ...”

ಒಡಕು ಸಾ. ಬಾಣಲೆಯ ತಳ ಕೆರೆದಂತೆ. ಡಿ ಅಲ್ಲ, ಸಿಯೂ ಅಲ್ಲ, ಅದಕ್ಕೂ ಅರ್ಧ ಮೆಟ್ಟಿಲು ಕೆಳಗೆ. ನಾಗಾರ್ಜುನ ಗಿಟಾರಿನ ತಲೆಗೆ ಕೈ ಹಾಕಿದ. ಒಂದೊಂದೇ ಬಿರಡೆ ತಿರುಗಿಸಿ ಇಳಿಸಿದ. ಐದು ತಂತಿಗಳು ಮಾತು ಕೇಳಿದವು. ಆರನೆಯದು, ಎಲ್ಲಕ್ಕಿಂತ ದಪ್ಪದ್ದು, ಗರ್ರ್ ಎಂದಿತು.

ಮುಗಿಯಿತು ಎಂದುಕೊಂಡ. ಮಾರುತೇಶ ಆಗಲೇ ಮೈಕಿನ ಹಿಂದೆ ಕೂತು ರೆಕಾರ್ಡ್ ಶುರು ಮಾಡಿದ್ದ.

ಯರ್ರಮ್ಮ ಕಾಲು ನಿಲ್ಲಿಸಲಿಲ್ಲ. ನೇಯುವಾಗ ಹರಿದ ಎಳೆಗಳನ್ನು ಸಿಕ್ಕಿಸಿಕೊಳ್ಳುವ ಸೆರಗಿನ ತುದಿಯಿಂದ ರೇಷ್ಮೆಯ ಚೂರೊಂದನ್ನು ಎಳೆದು, ಎರಡು ಮಡಿಕೆ ಮಾಡಿ, ನಾಲಗೆಗೆ ತಾಗಿಸಿ, ಗಿಟಾರಿನ ತಲೆಯ ಬುಡದಲ್ಲಿ ಆ ದಪ್ಪ ತಂತಿ ಕೂರುವ ಸಂದಿಗೆ ತುರುಕಿ ಗಂಟು ಹಾಕಿದಳು. ಕಣ್ಣಲ್ಲೇ, ಮೀಟು ಎಂದಳು. ಮೀಟಿದ. ತಂತಿ ಒಂದು ಕೂದಲೆಳೆ ಮೇಲೆದ್ದಿತ್ತು. ಗರ್ರ್ ಹೋಗಿ ತಂಬೂರಿಯಂಥ ಮೆಲ್ಲನೆಯ ಝೇಂಕಾರ ಉಳಿದಿತ್ತು. ಕುಣಿಗೆ ಇಳಿದ ಆ ಸದ್ದು ಕಾಲುಗಳ ಸುತ್ತ ಸುಳಿದು ಮೇಲೆ ಬಂತು.

ಯರ್ರಮ್ಮ ಹಾಡಿದಳು.

“ದಾರಂ ತೆಗಿತೇ ಮುಡಿ ವೇಸ್ತಾ, ಮಾತು ಹರಿದರೆ ಏನು ಹಾಕಲಿ...”

ದಾರ ಹರಿದರೆ ಗಂಟು ಹಾಕೇನು ಎಂದು ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳುವ ಸಾಲು. ಸ್ವರ ಒಡೆದದ್ದು ಹೌದು, ಇಳಿದದ್ದು ಹೌದು, ಆದರೆ ಜಾರಲಿಲ್ಲ. ಜಾರುವ ಜಾಗ ಬಂದಾಗಲೆಲ್ಲ ನಾಗಾರ್ಜುನ ದಪ್ಪ ತಂತಿ ಮೀಟಿ ಕೆಳಗೆ ಕೈ ಒಡ್ಡಿದ. ಆಕೆ ಅದರ ಮೇಲೆ ಕಾಲಿಟ್ಟು ದಾಟಿದಳು. ಏಳು ನುಡಿ. ಏಳನೆಯದರ ಕೊನೆಗೆ ಹಲಗೆ ಬಿತ್ತು, ಕಾಲು ನಿಂತಿತು. ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾಗಾರ್ಜುನ ಕಣ್ಣು ಮುಚ್ಚಿಕೊಂಡಿದ್ದ. ಸಿಕ್ಕಿತು. ಇನ್ನು ಸೋಮವಾರ ಏನಾದರೂ ಆಗಲಿ, ಹಾಡು ಸಿಕ್ಕಿತು. ಆ ನಿಶ್ಶಬ್ದದಲ್ಲಿ,

“ಏನ್ ಗುರುವೇ, ಗಿಟಾರು ಗಿಟ್ತಾ?”

ನಾಗಾರ್ಜುನ ಧಡಕ್ಕನೆ ತಿರುಗಿದ. “ಲೇ ಮಾರುತೇಶಾ! ರೆಕಾರ್ಡ್ ಆಗ್ತಾ ಐತೆ, ಈಗ್ಲೂ ನಿನ್ನ...”

ಮೈಕಿನ ಹಿಂದೆ ಮಾರುತೇಶ ಎರಡು ಕೆನ್ನೆ ತುಂಬ ಮಂಡಕ್ಕಿ ತುಂಬಿಕೊಂಡು, ಕಣ್ಣು ಅಗಲಿಸಿ, ನಾನಲ್ಲ ನಾನಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ.

ನಾಗಾರ್ಜುನ ನಿಧಾನವಾಗಿ ಬಲಕ್ಕೆ ಹೊರಳಿದ. ಯರ್ರಮ್ಮ ಲಾಳಿಯನ್ನು ಕೈಯಲ್ಲಿ ಹಿಡಿದು, ಏನೂ ಅರಿಯದವಳಂತೆ ಸೀರೆಯ ಅಂಚು ನೋಡುತ್ತಿದ್ದಳು. ಆ ಒರಟು, ಆ ಕೀರಲು, ಎಲ್ಲ ಕರಾರುವಾಕ್ಕು. ಊರಿನವರ ಧ್ವನಿಗಳನ್ನೆಲ್ಲ ಕದ್ದವನ ಧ್ವನಿಯನ್ನು ಗಂಟಲಗಂಟೇ ಆಕೆಗೆ ಕದ್ದು ತಂದುಕೊಟ್ಟಿತ್ತು.

“ನೇನು ಬಾಗುನ್ನಾಡು ಗುರುವೇ,” ಎಂದಳು ಯರ್ರಮ್ಮ, ಅದೇ ಧ್ವನಿಯಲ್ಲಿ.

ಮಂಡಕ್ಕಿ ಮೈಕಿನ ಮೇಲೆ ಹಾರಿತು. ಮಾರುತೇಶ ನೆಲ ಬಡಿದು ನಕ್ಕ. ಯರ್ರಮ್ಮ ಗಂಟಲ ಮೇಲೆ ಅಂಗೈ ಇಟ್ಟುಕೊಂಡು, ಸದ್ದಾಗದಂತೆ, ಭುಜ ಕುಣಿಸಿ ನಕ್ಕಳು. ಇಬ್ಬರ ನಗುವನ್ನೂ ಮುಳುಗಿಸುವಂತೆ, ಎರಡು ತಿಂಗಳಿಂದ ಕೂಡಿಟ್ಟದ್ದೆಲ್ಲ ಒಮ್ಮೆಲೇ ಬಿಚ್ಚಿಕೊಂಡು, ತಲೆ ಗೋಡೆಗೆ ತಾಗಿದ್ದೂ ತಿಳಿಯದಂತೆ ನಕ್ಕವನು ನಾಗಾರ್ಜುನ. ಮಡಿಲಲ್ಲಿದ್ದ ಗಿಟಾರಿನ ತಂತಿಗಳು ಯಾರೂ ಮುಟ್ಟದೆಯೇ ಆ ನಗುವಿಗೆ ಗುಂಯ್ ಎನ್ನುತ್ತಿದ್ದವು.